ಹಿಂಬರಹ ಬೇಕಾಗಿದೆ

ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತುವವರ ಕೈ ನೋಡಿದರೆ ಸಾಕು, ಯಾರು ಎಲ್ಲಿಗೆ ಹೊರಟಿದ್ದಾರೆಂದು ನಮ್ಮ ಆಯನೂರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಬಟ್ಟೆಯ ಚೀಲವಾದರೆ ಬೀಗರ ಮನೆ. ಟಿಫಿನ್ ಕ್ಯಾರಿಯರ್ ಆದರೆ ಮೆಗ್ಗಾನ್ ಆಸ್ಪತ್ರೆ. ಬಟನ್ ಒತ್ತಿದರೆ ಟಪ್ಪೆಂದು ಮುಚ್ಚಿಕೊಳ್ಳುವ ಪ್ಲಾಸ್ಟಿಕ್ ಫೈಲಾದರೆ ಅರ್ಜಿ. ಅದರಲ್ಲೂ ಹೊಸ ಅರ್ಜಿಯೋ ಹಳೆಯದೋ ಎನ್ನುವುದು ಗೊತ್ತಾಗಿಬಿಡುತ್ತದೆ. ಮೊದಲ ಸಲ ಅರ್ಜಿ ಹಾಕಲು ಹೊರಟವನು ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿರುತ್ತಾನೆ. ಹಾಕಿದ ಅರ್ಜಿ ಏನಾಯ್ತೆಂದು ಕೇಳಲು ಹೊರಟವನು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಡಲೆಕಾಯಿ ಸುಲಿಯುತ್ತಿರುತ್ತಾನೆ. ಕಂಡಕ್ಟರು ಚಿಲ್ಲರೆ ಕೊಡುತ್ತಾ “ಏನಾಯ್ತೋ ನಿಂದು?” ಎನ್ನುತ್ತಾನೆ. “ಟೇಬಲ್ ಮೇಲಿದೆಯಂತೆ ಅಣ್ಣ” ಎಂದು ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಯಾರ ಟೇಬಲ್, ಯಾವ ಊರಿನದು ಎಂದು ಬಸ್ಸಿನಲ್ಲಿ ಯಾರೂ ಕೇಳುವುದಿಲ್ಲ.

ಈ ಕಡಲೆಕಾಯಿ ಸುಲಿಯುವವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ಅರ್ಜಿ ಹಾಕುವುದಕ್ಕೆ ಏನು ಮಹಾ ಧೈರ್ಯ ಬೇಕು? ಜೆರಾಕ್ಸ್ ಅಂಗಡಿಯವನೇ ಅರ್ಧ ಹಾಕಿಸಿಬಿಡುತ್ತಾನೆ. ಹಾಕಿ ತಿಂಗಳಾದ ಮೇಲೆ ಮತ್ತೆ ಹೋಗಿ, ಕಿಟಕಿಯ ಮುಂದೆ ನಿಂತು, ಒಳಗಿನವರು ತಲೆ ಎತ್ತುವ ತನಕ ಕಾದು, “ಸಾರ್, ನಂದೊಂದು ಅರ್ಜಿ ಇತ್ತು” ಎಂದು ಬಾಯಿಬಿಡುವುದಿದೆಯಲ್ಲ, ಅದಕ್ಕೆ ಗುಂಡಿಗೆ ಬೇಕು. ನಾನು ಹೋಬಳಿಯ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಅಕ್ಷರ ದುಂಡಗಿತ್ತು ಎನ್ನುವ ಒಂದೇ ಕಾರಣಕ್ಕೆ ಸುತ್ತಮುತ್ತಲ ಹುಡುಗರ ಅರ್ಜಿಗಳೆಲ್ಲ ನನ್ನ ಕೈಮೇಲೆ ಹಾದುಹೋಗುತ್ತಿದ್ದವು. ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ಯಲ್ಲಿ ಮುಗಿಯುವ ಮೊದಲ ಪತ್ರ ಬರೆಯುವುದು ಸುಲಭ. ಕಷ್ಟವಿದ್ದದ್ದು ಎರಡನೆಯದರಲ್ಲಿ. ಕಚೇರಿಯ ಭಾಷೆಯಲ್ಲಿ ಅದಕ್ಕೆ ನೆನಪೋಲೆ ಎನ್ನುತ್ತಾರೆ. ತೀರಾ ವಿನಯವಾಗಿ ಬರೆದರೆ ಇವನಿಗೆ ಅವಸರವಿಲ್ಲ ಎಂದುಕೊಂಡು ಕೆಳಗಿಡುತ್ತಾರೆ. ಸ್ವಲ್ಪ ಬಿಗಿಯಾಗಿ ಬರೆದರೆ ಇವನದೇನು ದರ್ಬಾರು ಎಂದು ಇನ್ನೂ ಕೆಳಗಿಡುತ್ತಾರೆ. ಕೆಲಸ ಕೊಡುವ ಮೊದಲೇ ಕೆಲಸದವನ ನಾಲಿಗೆ ಅಳೆಯುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಡೆಯೂ ಇದೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ಕೆಲಸ ಹುಡುಕಿದವರೇ ಅಲ್ಲ, ಮುಳುಗಡೆಯ ಒಬ್ಬ ಹಿರಿಯರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ನೀರಿನಡಿಗೆ ಹೋದಾಗ ಅಲ್ಲಿನ ಸಂಸಾರಗಳನ್ನು ಲಾರಿಗಳಲ್ಲಿ ತಂದು ಶಿವಮೊಗ್ಗ ಸೀಮೆಯ ಕಾಡುಗಳಲ್ಲಿ ಇಳಿಸಿದರು. ಆಯನೂರು, ಕುಂಸಿ ಕಡೆಗೂ ಹಾಗೆ ಬಂದವರಿದ್ದಾರೆ. ನಾಡಿಗೆಲ್ಲ ದೀಪ ಹತ್ತಿತು. ಇವರ ಹಕ್ಕುಪತ್ರದ ಫೈಲು ಮಾತ್ರ ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ತಲೆಮಾರುಗಟ್ಟಲೆ ಓಡಾಡಿತು. ಈಗಲೂ ಪೂರ್ತಿ ನಿಂತಿಲ್ಲ. 2022ರ ನವೆಂಬರಿನಲ್ಲಿ ಅವರ ಪರವಾಗಿ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆಯೇ ನಡೆಯಿತು. ಬಸ್ಸಿನಲ್ಲಿ ಹೋಗಿ ಕೇಳಿದ್ದು ಸಾಲದೆ ನಡೆದುಕೊಂಡು ಹೋಗಿ ಕೇಳಿದರು ಅನ್ನಿ. ಅರ್ಜಿ ಹಾಕಿ ಕೇಳುತ್ತಲೇ ಇರುವುದರಲ್ಲಿ ಈ ಜನಕ್ಕಿರುವ ಅನುಭವ ಯಾವ ಎಂಬಿಎ ಓದಿದವರಿಗೂ ಇಲ್ಲ.

ಆ ಹಿರಿಯರು ನಮ್ಮ ಸಂಘಕ್ಕೆ ಗೊಬ್ಬರಕ್ಕೆಂದು ಬಂದಾಗಲೆಲ್ಲ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಾ ಹುಡುಗರಿಗೆ ಪಾಠ ಹೇಳುತ್ತಿದ್ದರು. “ಅರ್ಜಿ ಕೊಟ್ಟು ಬರೀ ಕೈಯಲ್ಲಿ ಬರಬೇಡ್ರೋ. ಇನ್ನೊಂದು ಪ್ರತಿಗೆ ಸೀಲು ಹಾಕಿಸ್ಕಳಿ, ಟಪಾಲು ನಂಬರು ಬರೆಸ್ಕಳಿ. ನಂಬರಿಲ್ಲದ ಅರ್ಜಿ ಕೊಟ್ಟರೂ ಒಂದೇ ಹೊಳೆಗೆ ಬಿಟ್ಟರೂ ಒಂದೇ.” ಹೊಳೆಯ ಮಾತು ಅವರು ಹೇಳಿದರೆ ಬೇರೆಯೇ ಕೇಳುತ್ತಿತ್ತು. ಸೋಮವಾರ ಹೋಗಬೇಡ, ಅವತ್ತು ಅವರಿಗೆ ಮೀಟಿಂಗು. ಊಟಕ್ಕೆ ಏಳುವ ಹೊತ್ತಿಗೆ ಹೋಗಬೇಡ. ಸಾಹೇಬರನ್ನು ಕೇಳಬೇಡ, ಅವರಿಗೆ ಏನೂ ಗೊತ್ತಿರುವುದಿಲ್ಲ. ಟಪಾಲಿನವರನ್ನು ಕೇಳು, ಕೇಸ್ ವರ್ಕರ್ ಯಾರೆಂದು ತಿಳಿ. ಎಲ್ಲಕ್ಕಿಂತ ಮುಖ್ಯವಾಗಿ ಪ್ರಶ್ನೆ ಸರಿಯಾಗಿರಬೇಕು. ‘ಯಾಕೆ ಆಗಿಲ್ಲ’ ಎಂದು ಕೇಳಿದರೆ ಎದುರಿನವನು ತನ್ನನ್ನು ಕಾಪಾಡಿಕೊಳ್ಳುವ ಯೋಚನೆಗೆ ಬೀಳುತ್ತಾನೆ. ‘ಈಗ ಯಾರ ಟೇಬಲಿನಲ್ಲಿದೆ’ ಎಂದು ಕೇಳಿದರೆ ಪಕ್ಕದ ಟೇಬಲ್ ತೋರಿಸುವುದು ಅವನಿಗೂ ಖುಷಿ. ಹಾಗೆ ಟೇಬಲಿನಿಂದ ಟೇಬಲಿಗೆ ಹೋದರೆ ಫೈಲು ಇರುವ ಕಡೆಗೆ ಒಂದಲ್ಲ ಒಂದು ದಿನ ತಲುಪುತ್ತೀಯ. ನಾನು ಓದಿದ ಯಾವ ಸಲಹೆಯ ಪುಸ್ತಕದಲ್ಲೂ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ.

ಅವರ ಮೊಮ್ಮಗನೊಬ್ಬ ಅದೇ ಮುಳುಗಡೆಯ ಕಾಗದ ಹಿಡಿದುಕೊಂಡು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ. ಯೋಜನಾ ನಿರಾಶ್ರಿತರಿಗೆಂದು ನೇಮಕಾತಿಯಲ್ಲಿ ಶೇ. 5ರಷ್ಟು ಮೀಸಲಿದೆ, ಹಳ್ಳಿಯಲ್ಲಿ ಓದಿದವರಿಗೆ ಶೇ. 25, ಕನ್ನಡ ಮಾಧ್ಯಮಕ್ಕೆ ಶೇ. 5. ಕೇಳಲು ಹಿತವಾಗಿದೆ. ಒಂದೊಂದು ಶೇಕಡಾವಾರಿಗೂ ಒಂದೊಂದು ಪ್ರಮಾಣಪತ್ರ, ಒಂದೊಂದು ಪ್ರಮಾಣಪತ್ರಕ್ಕೂ ಒಂದೊಂದು ಅರ್ಜಿ, ಆ ಅರ್ಜಿ ಏನಾಯ್ತೆಂದು ಕೇಳಲು ಇನ್ನೊಂದು ಬಸ್ಸು. ಕೆಲಸದ ಅರ್ಜಿ ಹೊರಡುವುದಕ್ಕೆ ಮೊದಲೇ ಹುಡುಗ ಕೇಳುವುದರಲ್ಲಿ ಪಳಗಿಬಿಟ್ಟಿರುತ್ತಾನೆ.

ಅಂಚೆಯ ಕಾಲದಲ್ಲಿ ಈ ಕೇಳುವ ಕೆಲಸದ ಅರ್ಧ ಭಾಗವನ್ನು ಪೋಸ್ಟಾಫೀಸೇ ಮಾಡುತ್ತಿತ್ತು. ದುಡ್ಡಿಲ್ಲದವರಿಗೆ ಅಂಡರ್ ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್: ನೀವು ಡಬ್ಬಿಗೆ ಹಾಕಿದ್ದು ನಿಜ ಎಂದು ಅಂಚೆ ಇಲಾಖೆ ಒಂದು ಚೀಟಿಯ ಮೇಲೆ ಮುದ್ರೆ ಒತ್ತುತ್ತಿತ್ತು, ತಲುಪಿತೋ ಇಲ್ಲವೋ ಅದರ ತಲೆನೋವಲ್ಲ. 2011ರಲ್ಲಿ ಆ ಸೌಲಭ್ಯ ನಿಂತಿತು. ಸ್ವಲ್ಪ ಅನುಕೂಲವಿದ್ದವರಿಗೆ ರಿಜಿಸ್ಟರ್ ಪೋಸ್ಟು, ಅದಕ್ಕೊಂದು ಎ.ಡಿ. ಕಾರ್ಡು. ಆ ಕಾರ್ಡು ಬೆಂಗಳೂರಿನ ಯಾವುದೋ ಕಚೇರಿಯ ಸೀಲನ್ನೂ ಓದಲಾಗದ ಒಂದು ಸಹಿಯನ್ನೂ ಹೊತ್ತು ಮನೆಗೆ ವಾಪಸಾದ ದಿನ ಹಬ್ಬ. ಕೆಲಸ ಸಿಕ್ಕಿಲ್ಲ, ಸಂದರ್ಶನಕ್ಕೆ ಕರೆದಿಲ್ಲ. ಆದರೂ ನಮ್ಮ ಹೆಸರು ಬರೆದ ಲಕೋಟೆಯನ್ನು ಅಲ್ಲೊಬ್ಬರು ಕೈಯಲ್ಲಿ ಹಿಡಿದಿದ್ದಾರೆ! ಎಷ್ಟೋ ಮನೆಗಳಲ್ಲಿ ಆ ಕಾರ್ಡು ದೇವರ ಪಟದ ಹಿಂದೆ ಇರುತ್ತಿತ್ತು. 2025ರಲ್ಲಿ ರಿಜಿಸ್ಟರ್ ಪೋಸ್ಟನ್ನೇ ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದ್ದಾರೆ. ಈಗ ಲಕೋಟೆ ಯಾವ ಊರು ದಾಟಿತೆಂದು ಫೋನಿನಲ್ಲೇ ಕಾಣುತ್ತದೆ. ಲಕೋಟೆಯ ಪ್ರಯಾಣದ ಬಗ್ಗೆ ನಮಗಿರುವ ಜ್ಞಾನ ಬಹಳ ಹೆಚ್ಚಿದೆ, ಒಡೆದ ಮೇಲೆ ಅದಕ್ಕೇನಾಯಿತು ಎನ್ನುವುದರ ಜ್ಞಾನ ಇದ್ದಲ್ಲೇ ಇದೆ.

ಉದ್ಯೋಗ ವಿನಿಮಯ ಕಚೇರಿಯ ಕಾರ್ಡನ್ನು ಮರೆತರೆ ನನ್ನ ತಲೆಮಾರಿನವರು ಬಯ್ಯುತ್ತಾರೆ. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲೆಂದು 1945ರಲ್ಲಿ ಶುರುವಾದ ಏರ್ಪಾಡು ಇದು. 1948ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. 1959ರ ಕಾನೂನು ಬಂದು, ಖಾಲಿ ಹುದ್ದೆಗಳನ್ನು ಈ ಕಚೇರಿಗೆ ತಿಳಿಸುವುದು ಕಡ್ಡಾಯವಾಯಿತು. ತಿಳಿಸುವುದಷ್ಟೇ ಕಡ್ಡಾಯ, ಇಲ್ಲಿಂದಲೇ ತೆಗೆದುಕೊಳ್ಳಬೇಕೆಂದಲ್ಲ. ಆ ಸೂಕ್ಷ್ಮ ನಮಗ್ಯಾರಿಗೂ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ವಾರವೇ ಶಿವಮೊಗ್ಗಕ್ಕೆ ಹೋಗಿ ಹೆಸರು ಬರೆಸಿ ಬಂದರೆ ಅಪ್ಪಂದಿರಿಗೆ ಮಗ ಸಾಲಿನಲ್ಲಿ ನಿಂತ ಎಂದು ಸಮಾಧಾನ. ಮೂರು ವರ್ಷಕ್ಕೊಮ್ಮೆ ನವೀಕರಣ. ತಪ್ಪಿದರೆ ಸೀನಿಯಾರಿಟಿ ಹೋಯಿತು, ಮತ್ತೆ ಸಾಲಿನ ಬಾಲ. ಮದುವೆಯಾಗಿ ಮಕ್ಕಳಾಗಿ, ಹೊಲ ಅಂಗಡಿ ಏನೋ ಒಂದು ಹಿಡಿದು ನೆಲೆಯಾದವರೂ ಕಾರ್ಡಿನ ದಿನ ಬಂದರೆ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೋಗುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟು, ಈ ಕಚೇರಿ ಕಳಿಸಿದ ಹೆಸರುಗಳನ್ನಷ್ಟೇ ನೋಡಿದರೆ ಸಾಲದು, ಪತ್ರಿಕೆಗಳಲ್ಲೂ ಪ್ರಕಟಿಸಿ ಅರ್ಜಿ ಹಾಕಿದವರೆಲ್ಲರನ್ನೂ ಪರಿಗಣಿಸಬೇಕು ಎಂದಿತು. ನ್ಯಾಯವಾದ ಮಾತು. ಆದರೆ ಅಷ್ಟು ವರ್ಷ ಸಾಲು ಕಾದವರಿಗೆ, ಸಾಲೇ ಇಲ್ಲವಂತೆ ಎಂದು ಹೇಳಿ ಕಳಿಸುವವರು ಯಾರು? ಯಾರೂ ಹೇಳಲಿಲ್ಲ. ಅವರು ಶರ್ಟು ಇಸ್ತ್ರಿ ಮಾಡಿಸುತ್ತಲೇ ಇದ್ದರು.

ಭದ್ರಾವತಿಯ ದಾರಿ ಬೇರೆ. ಅಲ್ಲಿ ಅರ್ಜಿಗಿಂತ ಗೇಟು ದೊಡ್ಡದು. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಸಿದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್. ಈ ಎರಡರ ಸೈರನ್ನಿಗೆ ಸುತ್ತಲ ಊರಿನ ಗಡಿಯಾರಗಳು ತಿರುಗುತ್ತಿದ್ದ ಕಾಲವೊಂದಿತ್ತು. ಅಲ್ಲಿ ಕೇಳುವ ರೀತಿಯೆಂದರೆ ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುವುದು. ಒಳಗಿರುವ ಭಾವ, ಭಾವನ ಸ್ನೇಹಿತ, ಸ್ನೇಹಿತನ ಫೋರ್‌ಮನ್, ಹೀಗೆ ಎಳೆ ಹಿಡಿದು ಟೈಮ್ ಆಫೀಸಿನ ತನಕ ಹೋಗುವುದು. ಕಾರ್ಖಾನೆಗೆ ಹೆಸರು ಕೊಟ್ಟ ವಿಶ್ವೇಶ್ವರಯ್ಯನವರು ದಿವಾನಗಿರಿ ಒಪ್ಪಿಕೊಳ್ಳುವ ಮುನ್ನ ಬಂಧುಗಳನ್ನೆಲ್ಲ ಊಟಕ್ಕೆ ಕರೆದು, ಯಾರೂ ಶಿಫಾರಸು ಕೇಳಿಕೊಂಡು ಬರಬಾರದೆಂದು ಮಾತು ತೆಗೆದುಕೊಂಡರು ಎಂಬ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆ ಕತೆಯನ್ನು ಭಕ್ತಿಯಿಂದ ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ “ಒಳಗೆ ನಮ್ಮೋರು ಯಾರಾದ್ರೂ ಇದಾರಾ?” ಎಂದು ಕೇಳುವವರನ್ನೂ ಕಂಡಿದ್ದೇನೆ. ಅದರಲ್ಲಿ ಅವರಿಗೆ ವಿರೋಧ ಕಾಣುತ್ತಿರಲಿಲ್ಲ; ನನಗೂ ಅವರ ಮೇಲೆ ಸಿಟ್ಟಿಲ್ಲ. ಗೇಟು ಮಾತಾಡುವುದಿಲ್ಲವಾದ್ದರಿಂದ ಮಾತಾಡುವವರನ್ನು ಹುಡುಕುತ್ತಿದ್ದರು, ಅಷ್ಟೆ. ಈಗ ಪೇಪರ್ ಮಿಲ್ಲು ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು 2023ರ ಜನವರಿಯಲ್ಲಿ ಮುಚ್ಚುವುದೆಂದರು, ಗುತ್ತಿಗೆ ಕಾರ್ಮಿಕರು ಗೇಟಿನೆದುರು ಕೂತರು, ಅದೇ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ಲು ಮತ್ತೆ ಓಡಿತು. ಒಂದು ಕಾಲಕ್ಕೆ ಹೊರಗಿನವರು ಒಳಗಿನವರನ್ನು ಏನಾಯ್ತೆಂದು ಕೇಳುತ್ತಿದ್ದರು. ಈಗ ಒಳಗಿನವರೇ ಹೊರಗೆ ಬಂದು ದೆಹಲಿಯ ಕಡೆಗೆ ಮುಖಮಾಡಿ ಕೇಳುತ್ತಿದ್ದಾರೆ.

ಮೇಜಿನ ಆ ಕಡೆಯಲ್ಲೂ ನಾನು ಕೂತಿದ್ದೇನೆ, ಹಾಗಾಗಿ ಉತ್ತರ ಯಾಕೆ ಬರುವುದಿಲ್ಲ ಎನ್ನುವುದು ಗೊತ್ತು. ಒಮ್ಮೆ ನಮ್ಮಲ್ಲಿ ಒಂದು ಅಟೆಂಡರ್ ಹುದ್ದೆ ಖಾಲಿಯಾಯಿತು. ನೋಟೀಸು ಬೋರ್ಡಿಗೆ ಹಾಕಿದ್ದೇ ತಡ, ಬಿಎ ಮಾಡಿದವರು, ಐಟಿಐ ಮುಗಿಸಿದವರು, ಎರಡು ಎಮ್ಮೆ ಕಟ್ಟಿಕೊಂಡು ಸುಖವಾಗಿದ್ದವರು, ಎಲ್ಲರ ಅರ್ಜಿಯೂ ಬಂತು. ಒಬ್ಬ ಹುಡುಗನನ್ನು ತೆಗೆದುಕೊಂಡೆವು. ಉಳಿದವರಿಗೆ ಆಯ್ಕೆಯಾಗಿಲ್ಲವೆಂದು ಒಂದೊಂದು ಕಾರ್ಡು ಬರೆಯೋಣವೆಂದು ಆಡಳಿತ ಮಂಡಳಿಯ ಮುಂದಿಟ್ಟರೆ ಸದಸ್ಯರೊಬ್ಬರು ಅಂಚೆ ಖರ್ಚು ಯಾವ ಹೆಡ್ಡಿಗೆ ಹಾಕುತ್ತೀರಿ ಎಂದರು. ಇನ್ನೊಬ್ಬರು ಮುಂದಾಲೋಚನೆಯವರು: “ಇಲ್ಲ ಅಂತ ಬರೆದುಕೊಟ್ರೆ ಯಾಕಿಲ್ಲ ಅಂತ ಬರ್ತಾರೆ. ಸುಮ್ನಿದ್ರೆ ತಾವೇ ಸುಮ್ನಾಗ್ತಾರೆ.” ಬಹುಮತದಿಂದ ಸುಮ್ಮನಿದ್ದೆವು. ಅವರು ಸುಮ್ಮನಾಗಲಿಲ್ಲ. ಮಳೆಗಾಲ ಕಳೆದು ಅಡಿಕೆ ಕೊಯ್ಲು ಬಂದರೂ ಒಬ್ಬೊಬ್ಬರೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಊರಿನ ಹುಡುಗರು, ಮುಖಪರಿಚಯ. ಬರಿಗೈಯಲ್ಲಿ ಕಳಿಸುವುದು ಹೇಗೆ? ಕಾರ್ಡಿನ ದುಡ್ಡು ಉಳಿಸಿದ ಸಂಘ ಆ ವರ್ಷ ಚಹಾಕ್ಕೆ ಅದರ ಎಷ್ಟೋ ಪಟ್ಟು ಖರ್ಚು ಮಾಡಿತು.

ಆ ಮುಂದಾಲೋಚನೆಯ ಸದಸ್ಯರ ಮಾತಿನಲ್ಲಿ ಎಲ್ಲ ಕಚೇರಿಗಳ ಮನಸ್ಸೂ ಇದೆ. ಉತ್ತರ ಕೊಡದಿರುವುದು ಕ್ರೌರ್ಯವೇನಲ್ಲ, ಬಹಳ ಸಲ ಅದು ಅಂಜಿಕೆ. ‘ಇಲ್ಲ’ ಎಂದರೆ ಅದಕ್ಕೊಬ್ಬ ವಾರಸುದಾರ ಬೇಕು, ಕೆಳಗೊಂದು ಸಹಿ ಬೇಕು. ಮೌನಕ್ಕೆ ಸಹಿ ಬೇಡ. ಆದರೆ ಕಾಯುವವನ ಕಡೆಯಿಂದ ನೋಡಿ. ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿದವನಿಗೂ ಟೆಂಡರ್ ಆದ ದಿನವೇ ದರ ಗೊತ್ತಾಗುತ್ತದೆ. ಒಪ್ಪಿಗೆಯಾದರೆ ಕೊಟ್ಟ, ಇಲ್ಲದಿದ್ದರೆ ಇಟ್ಟುಕೊಂಡ. ತನ್ನನ್ನೇ ಮೂಟೆ ಕಟ್ಟಿ ಕಳಿಸಿದವನಿಗೆ ಮಾತ್ರ ದರವೂ ಗೊತ್ತಾಗುವುದಿಲ್ಲ, ಮೂಟೆಯೂ ವಾಪಸಾಗುವುದಿಲ್ಲ.

ಈ ವಿಷಯದಲ್ಲಿ ನಾವು ದಿನಾ ಬೆಳಗೆದ್ದು ಬಯ್ಯುವ ಸರ್ಕಾರವೇ ಮೇಲು ಎಂದರೆ ನಮ್ಮ ಹುಡುಗರು ಜಗಳಕ್ಕೆ ಬರುತ್ತಾರೆ. ಬರಲಿ. ಅವರ ಹತ್ತಿರ ಉದಾಹರಣೆಗಳಿವೆ. ಕೆಪಿಎಸ್‌ಸಿಯ 2011ರ ತಂಡದ 362 ಗೆಜೆಟೆಡ್ ಹುದ್ದೆಗಳ ಕತೆ ನೋಡಿ: 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಕೈಬಿಟ್ಟಿತು, 2016ರಲ್ಲಿ ಆಡಳಿತ ನ್ಯಾಯಮಂಡಳಿ ಅಭ್ಯರ್ಥಿಗಳ ಪರ ನಿಂತಿತು, 2018ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು, 2022ರಲ್ಲಿ ವಿಧಾನಮಂಡಲ ಕಾನೂನು ಮಾಡಿ ನೇಮಕಕ್ಕೆ ದಾರಿ ಮಾಡಿತು. ಅರ್ಜಿ ಹಾಕಿದ ಹುಡುಗನ ಮೀಸೆ ಅಷ್ಟರಲ್ಲಿ ನರೆತಿರುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆಯಾಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಬರೆದು ಪಾಸಾದವರು ಯಾರನ್ನು ಹೋಗಿ ಏನೆಂದು ಕೇಳಬೇಕು?

ಎಲ್ಲ ಒಪ್ಪಿದೆ. ಆದರೂ ಅಲ್ಲಿ ಕೇಳುವುದಕ್ಕೊಂದು ಜಾಗವಿದೆ, ಕೇಳಿದ್ದಕ್ಕೆ ಬೆಲೆಯಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ‘ನನ್ನ ಅರ್ಜಿಯ ಮೇಲೆ ಏನು ಕ್ರಮವಾಗಿದೆ’ ಎಂದು ಬರೆದರೆ 30 ದಿನದೊಳಗೆ ಉತ್ತರ ಕೊಡಬೇಕು. ಪರೀಕ್ಷೆ ಬರೆದವನು ತನ್ನ ಉತ್ತರಪತ್ರಿಕೆಯನ್ನು ನೋಡಲು ಕೇಳಬಹುದೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೇರೇನೂ ಬೇಡ, ಹಿಂಬರಹವೊಂದು ಸಾಕು. ‘ತಮ್ಮ ಕೋರಿಕೆಯನ್ನು ಪರಿಗಣಿಸಲು ನಿಯಮಾನುಸಾರ ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ’ ಎಂಬ ಆ ಒಣ ವಾಕ್ಯವನ್ನು ನಾನು ಎಷ್ಟೋ ಹುಡುಗರಿಗೆ ಓದಿ ಹೇಳಿದ್ದೇನೆ. ಓದಿ ಮುಗಿಸಿದಾಗ ಅತ್ತವರು ಕಡಿಮೆ. ಹೆಚ್ಚಿನವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, “ಹಂಗಾದ್ರೆ ಸಾರ್, ಲೈಸೆನ್ಸ್ ಮಾಡಿಸ್ಕಂಡು ಗೂಡ್ಸ್ ಆಟೋನೇ ತಗಳದು” ಎಂದು ಎದ್ದು ಹೋಗಿದ್ದಾರೆ. ‘ಇಲ್ಲ’ ಎಂದ ಮೇಲೇ ಅವರಿಗೆ ಬೇರೆ ದಾರಿ ಕಂಡದ್ದು. ಅದನ್ನು ವರ್ಷ ಮೊದಲೇ ಹೇಳಿದ್ದರೆ ಆಟೋದ ಅರ್ಧ ಸಾಲ ತೀರಿರುತ್ತಿತ್ತು.

ಹವಾನಿಯಂತ್ರಿತ ಕಟ್ಟಡಗಳ ಕಂಪನಿಗಳಿಗೆ ಈ ಒಣ ವಾಕ್ಯದ ಶಿಸ್ತೂ ಇಲ್ಲ. ಇದನ್ನು ನನಗೆ ತೋರಿಸಿಕೊಟ್ಟವಳು ತಂಗಿಯ ಮಗಳು. ಶಿವಮೊಗ್ಗದಲ್ಲಿ ಬಿ.ಇ. ಮುಗಿಸಿ, ನಮ್ಮ ಮನೆಯ ಮಹಡಿಯಲ್ಲಿ ನೆಟ್‌ವರ್ಕು ಸಿಗುತ್ತದೆಂದು ಲ್ಯಾಪ್‌ಟಾಪು ಹಿಡಿದು ಬಂದು ಕೂರುತ್ತಾಳೆ. ಬೆಂಗಳೂರಿನ ಕಂಪನಿಗೆ ಆಯನೂರಿನಿಂದ ಅರ್ಜಿ ಹಾಕಲು ಬಸ್ಸು ಬೇಡ, ಸ್ಟಾಂಪು ಬೇಡ. ಒತ್ತಿದರೆ ಹೋಯಿತು. ಹೋದ ಕ್ಷಣವೇ ನಿಮ್ಮ ಅರ್ಜಿ ತಲುಪಿದೆ, ನಿಮ್ಮ ಆಸಕ್ತಿಗೆ ನಾವು ಕೃತಜ್ಞರು ಎಂದು ಉತ್ತರವೂ ಬರುತ್ತದೆ. ನಾನು ಸಂತೋಷಪಟ್ಟೆ. “ಪರವಾಗಿಲ್ವೇ ಪುಟ್ಟಿ, ಎಷ್ಟು ಮರ್ಯಾದಸ್ತರು!” ಎಂದೆ. “ಮಾವ, ಅದು ಮಿಷಿನ್ನು ಕಳ್ಸಿದ್ದು. ವಾಪಸ್ ಬರೆದ್ರೆ ಹೋಗಲ್ಲ” ಎಂದಳು. ಕಳಿಸಿದವರ ವಿಳಾಸದಲ್ಲೇ ‘ನೋ ರಿಪ್ಲೈ’ ಎಂದಿದೆ. ಮಾತಾಡುತ್ತೇನೆ, ಮಾತಾಡಿಸಬೇಡ ಎಂದು ಬಾಗಿಲ ಮೇಲೆ ಬೋರ್ಡು ಹಾಕಿಕೊಂಡು ಸ್ವಾಗತ ಕೋರುವವರನ್ನು ನಾನು ಇದೇ ಮೊದಲು ಕಂಡದ್ದು. ಅರ್ಜಿಯನ್ನು ಮೊದಲು ಓದುವುದೂ ಅನೇಕ ಕಡೆ ತಂತ್ರಾಂಶವೇ ಅಂತೆ. ತನಗೆ ಬೇಕಾದ ಪದಗಳಿವೆಯೇ ಎಂದು ಹುಡುಕುತ್ತದೆ, ಇಲ್ಲದಿದ್ದರೆ ಬದಿಗೆ ಸರಿಸುತ್ತದೆ. ಮಾಹಿತಿ ಹಕ್ಕಿನ 10 ರೂಪಾಯಿ ಅಲ್ಲಿ ನಡೆಯುವುದಿಲ್ಲ. ಟಪಾಲಿನವರಿಲ್ಲ, ಕೇಸ್ ವರ್ಕರ್ ಇಲ್ಲ, ಬೆಂಚಿಲ್ಲ, ಚಹಾ ಮೊದಲೇ ಇಲ್ಲ. ಕೇಳುವುದು ಪುಕ್ಕಟೆಯಾದ ಕಾಲಕ್ಕೆ ಸರಿಯಾಗಿ, ಕೇಳಿಸಿಕೊಳ್ಳುವವರು ಜಾಗ ಖಾಲಿ ಮಾಡಿದ್ದಾರೆ.

ಹಾಗೆಂದು ಯಾರೂ ಉತ್ತರಿಸುವುದೇ ಇಲ್ಲ ಎಂದಲ್ಲ. ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ 2023ರಿಂದ ಏರ್‌ಪೋರ್ಟಿನಲ್ಲಿ ಕೆಲಸವಿದೆ ಎಂಬ ಮೆಸೇಜುಗಳು ನಮ್ಮ ಕಡೆಯ ಫೋನುಗಳಲ್ಲಿ ಸುತ್ತುತ್ತಿವೆ. ಅದಕ್ಕೊಂದು ಸಾಲು ಬರೆದು ನೋಡಿ. ಐದು ನಿಮಿಷಕ್ಕೆ ಫೋನು, ‘ಮೇಡಂ’ ಎಂಬ ಸಂಬೋಧನೆ, ಸಂಜೆಗೆ ನೇಮಕ ಪತ್ರ, ಮಾರನೆಯ ದಿನ ನೀವು ಕೇಳದಿದ್ದರೂ ಅವರೇ ನೆನಪಿಸುತ್ತಾರೆ. ಸಮವಸ್ತ್ರಕ್ಕೆ, ತರಬೇತಿಗೆ, ವಾಪಸು ಕೊಡುವ ಠೇವಣಿಗೆ ಎಂದು ಸ್ವಲ್ಪ ಹಣ ಹಾಕಬೇಕು, ಅಷ್ಟೆ. ಕೆಲಸದ ಅರ್ಜಿಗೆ ಕಾಲಕ್ಕೆ ಸರಿಯಾಗಿ, ವಿನಯದಿಂದ, ಹೆಸರು ಹಿಡಿದು ಉತ್ತರಿಸುವ ಸಂಪ್ರದಾಯವನ್ನು ಈಗ ಕಳ್ಳರು ಮಾತ್ರ ಉಳಿಸಿಕೊಂಡಿದ್ದಾರೆ. ಹಸಿದವರಿಗೆ ಏನು ಬೇಕೆಂದು ಅವರು ಕಂಪನಿಗಳಿಗಿಂತ ಚೆನ್ನಾಗಿ ಬಲ್ಲರು.

ಹುಡುಗಿ ಮಂಕಾಗಿದ್ದಾಗ ನಾನು ಐನ್‌ಸ್ಟೈನರ ಕತೆ ಹೇಳುತ್ತೇನೆ. 1900ರಲ್ಲಿ ಜ್ಯೂರಿಕ್‌ನಲ್ಲಿ ಓದು ಮುಗಿಸಿದ ಅವರಿಗೆ ಕೆಲಸವಿಲ್ಲ. ಯುರೋಪಿನ ಪ್ರೊಫೆಸರುಗಳಿಗೆಲ್ಲ ಸಹಾಯಕನ ಕೆಲಸ ಕೇಳಿ ಪತ್ರ ಬರೆದರು. 1901ರ ಮಾರ್ಚಿನಲ್ಲಿ ಲೈಪ್‌ಜಿಗ್‌ನ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಎಂಬ ದೊಡ್ಡ ರಸಾಯನ ವಿಜ್ಞಾನಿಗೆ ಬರೆದರು. ಉತ್ತರವಿಲ್ಲ. ಏಪ್ರಿಲಿನ ಮೊದಲಲ್ಲಿ ಒಂದು ನೆನಪೋಲೆ ಹಾಕಿದರು. ಅದರ ಜಾಣ್ಮೆ ನೋಡಿ: ಉತ್ತರ ಯಾಕೆ ಬರಲಿಲ್ಲ ಎಂದು ಕೇಳಲೇ ಇಲ್ಲ, ಹಿಂದಿನ ಪತ್ರದಲ್ಲಿ ನನ್ನ ವಿಳಾಸ ಬರೆದಿದ್ದೆನೋ ಇಲ್ಲವೋ ಎಂಬ ಅನುಮಾನವಿದೆ, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ ಎಂದರು. ನಮ್ಮ ಮುಳುಗಡೆಯ ಹಿರಿಯರು ಓದಿದ್ದರೆ ಬೆನ್ನು ತಟ್ಟುತ್ತಿದ್ದರು. ಅದಕ್ಕೂ ಉತ್ತರವಿಲ್ಲ. ಆಮೇಲೆ ಮಗನಿಗೆ ತಿಳಿಯದಂತೆ ಅಪ್ಪ ಹರ್ಮನ್ ಬರೆದರು. ವ್ಯಾಪಾರದಲ್ಲಿ ಕೈಸೋತ ಮನುಷ್ಯ. ಸಾಧ್ಯವಾದರೆ ಕೆಲಸ ಕೊಡಿ, ಇಲ್ಲವಾದರೆ ಅವನ ಲೇಖನ ಓದಿ ಪ್ರೋತ್ಸಾಹದ ನಾಲ್ಕು ಮಾತನ್ನಾದರೂ ಬರೆಯಿರಿ ಎಂದು ಕೇಳಿಕೊಂಡರು. ಪ್ರೊಫೆಸರು ಅದಕ್ಕೂ ಸುಮ್ಮನೆ. ಅದೇ ತಿಂಗಳು ಹಾಲೆಂಡಿನ ಕಾಮರ್ಲಿಂಗ್ ಓನೆಸ್ ಎಂಬವರಿಗೆ ಮಗ ಒಂದು ಜೋಡಿ ಕಾರ್ಡು ಕಳಿಸಿದ. ಅರ್ಧ ಅವನ ಅರ್ಜಿ, ಇನ್ನರ್ಧ ಮೊದಲೇ ಅಂಚೆ ಶುಲ್ಕ ಕಟ್ಟಿದ ಉತ್ತರದ ಕಾರ್ಡು. ಬರೆದು ಡಬ್ಬಿಗೆ ಹಾಕಿದರೆ ಆಯಿತು, ಕಾಸಿನ ಖರ್ಚಿಲ್ಲ. ಆ ಉತ್ತರದ ಅರ್ಧ ಖಾಲಿಯಾಗಿಯೇ ಉಳಿಯಿತು, ಕಾರ್ಡು ಈಗ ಲೈಡನ್ ನಗರದ ಬೋರ್‌ಹಾವೆ ಮ್ಯೂಸಿಯಮ್ಮಿನಲ್ಲಿದೆ. ಉತ್ತರಿಸದ ಅರ್ಜಿಯೊಂದು ಮ್ಯೂಸಿಯಂ ಸೇರಿದ್ದು ಬಹುಶಃ ಅದೊಂದೇ. ನಮ್ಮವೆಲ್ಲ ರೆಕಾರ್ಡ್ ರೂಮಿನಲ್ಲೇ ಉಳಿಯುತ್ತವೆ.

ಐನ್‌ಸ್ಟೈನರಿಗೆ 1902ರಲ್ಲಿ ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಅದೂ ಸ್ನೇಹಿತನೊಬ್ಬನ ತಂದೆಯ ಮಾತಿನಿಂದ. ಭದ್ರಾವತಿಯವರು ನಗಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಅಪ್ಪ ತೀರಿಕೊಂಡರು. ಮುಂದೆ ಐನ್‌ಸ್ಟೈನರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಮೊಟ್ಟಮೊದಲು ಸೂಚಿಸಿದವರು ಯಾರು ಗೊತ್ತೆ? ಅದೇ ಓಸ್ಟ್‌ವಾಲ್ಡ್, 1910ರ ಪ್ರಶಸ್ತಿಗೆ. ಹುಡುಗರಿಗೆ ಧೈರ್ಯ ತುಂಬಲು ಈ ಕತೆಯನ್ನು ಇಲ್ಲಿಗೆ ನಿಲ್ಲಿಸುವುದು ವಾಡಿಕೆ. ನನ್ನ ಮನಸ್ಸು ಮಾತ್ರ ಹರ್ಮನ್ ಬಳಿಯೇ ನಿಲ್ಲುತ್ತದೆ. ಮಕ್ಕಳಿಗೆ ಗೊತ್ತಾಗದ ಹಾಗೆ ಆಯನೂರಿನಿಂದ ಬಸ್ಸು ಹತ್ತಿ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, “ಮಗ ಅರ್ಜಿ ಹಾಕಿದ್ದ ಸ್ವಾಮಿ” ಎಂದ ಅಪ್ಪಂದಿರ ಮುಖಗಳು ನನಗೆ ಗೊತ್ತು. ಅವರು ಬಂದು ಹೋದದ್ದನ್ನು ಮಗನಿಗೆ ಹೇಳಬೇಡಿ ಎಂದು ನನ್ನ ಕೈಲೂ ಭಾಷೆ ತೆಗೆದುಕೊಂಡವರಿದ್ದಾರೆ. ನೊಬೆಲ್ ಸಮಿತಿಗೆ ಬರೆದ ಶಾಯಿಯಲ್ಲಿ ಎರಡು ತೊಟ್ಟು ಆ ಅಪ್ಪನಿಗೆ ಖರ್ಚು ಮಾಡಿದ್ದರೆ ಏನಾಗುತ್ತಿತ್ತು?

“ನಾನೂ ನೆನಪೋಲೆ ಹಾಕ್ತೀನಿ ಮಾವ” ಎಂದಳು ಹುಡುಗಿ ಒಂದು ಸಂಜೆ. ಇಬ್ಬರೂ ಕೂತು ಬರೆದೆವು. ಅವಳು ಮೊದಲು ಬರೆದದ್ದರಲ್ಲಿ ಕ್ಷಮೆ ಕೇಳುವ ಮಾತೇ ಮೂರು ಕಡೆ ಇತ್ತು: ತೊಂದರೆ ಕೊಡುತ್ತಿರುವುದಕ್ಕೆ, ಮತ್ತೆ ಬರೆಯುತ್ತಿರುವುದಕ್ಕೆ, ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ. ಎಲ್ಲ ಹೊಡೆದುಹಾಕಿಸಿದೆ. ಅರ್ಜಿ ಹಾಕುವುದು ತಪ್ಪಲ್ಲ, ಕೇಳುವುದೂ ತಪ್ಪಲ್ಲ, ತಪ್ಪಲ್ಲದ್ದಕ್ಕೆ ಕ್ಷಮೆ ಯಾಕೆ? ವಿಷಯದ ಸಾಲಿನಲ್ಲಿ ಹುದ್ದೆಯ ನಂಬರು ಹಾಕು. ಅದು ನಿನ್ನ ಟಪಾಲು ನಂಬರು. ‘ನೋ ರಿಪ್ಲೈ’ಗೆ ಬೇಡ, ಆ ವಿಭಾಗದಲ್ಲಿ ನಿಜವಾಗಿ ಕೂರುವವರು ಯಾರೆಂದು ಹುಡುಕಿ ಅವರಿಗೆ ಬರೆ. ಯಾವ ದಿನ ಅರ್ಜಿ ಹಾಕಿದೆ, ಈಗ ಅದು ಯಾವ ಹಂತದಲ್ಲಿದೆ, ಆಯ್ಕೆ ಮುಗಿದಿದ್ದರೆ ಅದನ್ನೇ ತಿಳಿಸಿ. ಮುಗಿಯಿತು. ನಾಲ್ಕು ಸಾಲಾಯಿತು. ಅವಳಿಗೆ ಇದು ಒರಟಾಯಿತೆಂಬ ಭಯ. ಕಳಿಸಿದಳು. ಉತ್ತರ ಬರದಿದ್ದರೆ ಇನ್ನೊಂದೇ ಸಲ ಕೇಳು, ಆಮೇಲೆ ಆ ಫೈಲು ನೀನೇ ಮುಚ್ಚು ಎಂದೆ.

ಉತ್ತರ ಬಂತು! ಮರುವಾರ ಅವಳು ಮಹಡಿಯಿಂದ ದಡದಡ ಇಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು “ಅಮ್ಮಾ, ಇಲ್ಲ ಅಂದ್ರು!” ಎಂದು ಕೂಗಿದಳು. ನನ್ನ ತಂಗಿ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಬಂದಳು. “ಕೆಲ್ಸ ಸಿಗ್ಲಿಲ್ಲ ಅನ್ನೋದಕ್ಕೆ ಯಾರಾದ್ರೂ ಹಿಂಗೆ ಕುಣೀತಾರೇನೇ?” ನಾನು ಕನ್ನಡಕ ಹಾಕಿಕೊಂಡು ಆ ಹಿಂಬರಹವನ್ನು ಓದಿದೆ. ಚೆನ್ನಾಗಿಯೇ ಬರೆದಿದ್ದರು. ನಿಮ್ಮ ಅರ್ಹತೆಯನ್ನು ಮೆಚ್ಚಿದ್ದೇವೆ, ಸದ್ಯಕ್ಕೆ ಬೇರೆಯವರನ್ನು ಆರಿಸಿದ್ದೇವೆ, ಮುಂದಿನ ಪ್ರಯತ್ನಗಳಿಗೆ ಶುಭವಾಗಲಿ. ಮೇಲೆ ‘ಡಿಯರ್’ ಎಂದು ಬರೆದು, ಅದರ ಮುಂದೆ ಯಾವನೋ ಹುಡುಗನ ಹೆಸರಿತ್ತು.

“ಪುಟ್ಟಿ, ಇದು ಯಾರೇ?”

ಅವಳು ಫೋನು ತೆಗೆದುಕೊಂಡು ನೋಡಿದಳು. ಒಂದು ಗಳಿಗೆ ಸುಮ್ಮನಿದ್ದು, ಮೆಟ್ಟಿಲ ಮೇಲೆ ಕೂತು ಟೈಪು ಮಾಡತೊಡಗಿದಳು.

“ಮತ್ತೆ ಯಾರಿಗೆ?” ಎಂದಳು ತಂಗಿ.

“ಅವ್ರಿಗೇ ಅಮ್ಮ. ಇಲ್ಲ ಅಂದಿದ್ದು ನಂಗಾ ಅವ್ನಿಗಾ ಅಂತ ಕೇಳ್ಬೇಕಲ್ಲ.”